ಅಟ್ಟದ ಮೇಲಿನ ಕಪ್ಪು ಡಬ್ಬಿ: ಗುಜರಿಗೆ ಹಾಕುವ ಮುಂಚೆ ಒಮ್ಮೆ ನೋಡಿ

[ದೃಶ್ಯ: ಅಟ್ಟದಿಂದ ಇಳಿಸಿದ ತಗಡಿನ ಟ್ರಂಕ್]

ನಮಸ್ಕಾರ. ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ತಾತನ ಮನೆ ಅಟ್ಟ ಖಾಲಿ ಮಾಡುವಾಗ ಈ ಟ್ರಂಕ್ ಸಿಕ್ಕಿತು. ಈ ಕಪ್ಪು ಡಬ್ಬಿ ನೋಡಿ ಅತ್ತೆ, "ಯಾವುದೋ ಇಂಗಿನ ಡಬ್ಬಿ ಕಣೋ, ಗುಜರಿಗೆ ಹಾಕು" ಅಂದರು.

[ಹತ್ತಿರದಿಂದ: ಮುಚ್ಚಳ, ಒಳಗಿನ ರೀಲ್]

ಇಂಗಿನ ಡಬ್ಬಿಯ ಮುಚ್ಚಳಕ್ಕೆ ನಡುವೆ ತೂತು ಯಾಕೆ? ಇದು ಫಿಲ್ಮ್ ತೊಳೆಯುವ ಟ್ಯಾಂಕ್. ಒಳಗಿನ ರೀಲ್‌ನಲ್ಲಿ ಚಕ್ಕುಲಿ ಸುತ್ತಿನಂತೆ ಗೀರುಗಳಿವೆ. ಪೂರ್ತಿ ಕತ್ತಲಲ್ಲಿ, ಕೈತಡವಿಕೊಂಡು, ಫಿಲ್ಮನ್ನು ಆ ಗೀರಿನೊಳಗೆ ಸುತ್ತಬೇಕು. ಒಂದು ಸುತ್ತು ಇನ್ನೊಂದಕ್ಕೆ ಅಂಟಿದರೆ ಅಲ್ಲಿಗೆ ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, ತಲುಪುವುದಿಲ್ಲ, ಫೋಟೋ ಹಾಳು. ಮುಚ್ಚಳ ಹಾಕಿದ ಮೇಲೆ ಲೈಟ್ ಹಾಕಬಹುದು. ತೂತಿನ ದಾರಿ ಅಂಕುಡೊಂಕು. ಡೆವಲಪರ್ ಇಳಿಯುತ್ತದೆ, ಬೆಳಕು ಇಳಿಯುವುದಿಲ್ಲ. ಜಾಣತನ ಅಲ್ವಾ?

ಡಬ್ಬಿ ಬೇಕಲೈಟ್, ಅಂದರೆ ಹಳೆಕಾಲದ ಗಟ್ಟಿ ಪ್ಲಾಸ್ಟಿಕ್, ಹೌದೋ ಅಲ್ಲವೋ ಅಂತ ನೋಡಲು ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ ಉಜ್ಜಿ, ಮೂಸಿ. ಫಿನಾಯಿಲ್‌ನಂಥ ಘಾಟು ಬರುತ್ತದೆ. ಬೀಳಿಸಬೇಡಿ, ಚೂರಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಬ್ಬದ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ!

[ದೃಶ್ಯ: ಹಲಗೆ ಮೇಲೆ ಕಂಬ, ಕಂಬದ ಮೇಲೆ ದೀಪದ ಡಬ್ಬ]

ಇದು ಎನ್‌ಲಾರ್ಜರ್, ನೆಗೆಟಿವ್‌ನಿಂದ ದೊಡ್ಡ ಫೋಟೋ ಮಾಡುವ ಯಂತ್ರ. ಪ್ಲಗ್‌ಗೆ ಮಾತ್ರ ಹಾಕಬೇಡಿ, ವೈರಿನ ರಬ್ಬರ್ ಬಿರುಕು ಬಿಟ್ಟಿದೆ. ಕಾಗದದಲ್ಲಿ ಸುತ್ತಿದ ರೋಲ್ ಸಿಕ್ಕರೆ ಎಳೆದು ನೋಡಬೇಡಿ. ತೊಳೆಯದ ಫಿಲ್ಮ್ ಆಗಿದ್ದರೆ, ಇಷ್ಟು ವರ್ಷ ಉಳಿದ ಚಿತ್ರ ನಿಮ್ಮ ಕೈಯಲ್ಲೇ ಹೋಗುತ್ತದೆ.

ನೆಗೆಟಿವ್ ಡಬ್ಬಿ ತೆಗೆದಾಗ ವಿನೆಗರ್ ವಾಸನೆ ಬಂತಾ? ಅದು ಅಸಿಟೇಟ್ ಫಿಲ್ಮ್ ಕೊಳೆಯುವ ವಾಸನೆ. ಬೇರೆ ಫಿಲ್ಮ್‌ಗಳಿಗೂ ತಗಲುತ್ತದೆ, ಬೇರೆ ಇಡಿ. ಅದಕ್ಕಿಂತ ಹಳೆಯ ನೈಟ್ರೇಟ್ ಫಿಲ್ಮ್‌ಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಕೊಡಕ್ ಅದರ ತಯಾರಿಕೆ ನಿಲ್ಲಿಸಿದ್ದು 1951ರಲ್ಲಿ. ಅಂಚಿನಲ್ಲಿ ‘ಸೇಫ್ಟಿ’ ಎಂದಿದ್ದರೆ ಸಾಮಾನ್ಯವಾಗಿ ಆ ಭಯವಿಲ್ಲ. ಏನೇ ಇರಲಿ, ಮತ್ತೆ ಅಟ್ಟಕ್ಕೆ ಹತ್ತಿಸಬೇಡಿ. ಬೇಸಿಗೆಯಲ್ಲಿ ಅಲ್ಲಿ ಕಾವು ಜಾಸ್ತಿ, ಮಳೆಗಾಲದಲ್ಲಿ ತೇವ. ಕೆಳಗಿನ ಕೋಣೆಯ ಬೀರು ವಾಸಿ.

ಲೇಬಲ್ ಇಲ್ಲದ ಪುಡಿ ಬಾಟಲಿಗಳನ್ನು ಮೂಸಬೇಡಿ, ಬಚ್ಚಲಿಗೆ ಸುರಿಯಬೇಡಿ. ಮೂಡಿದ ಚಿತ್ರ ಹಾಳಾಗದಂತೆ ನಿಲ್ಲಿಸುವ ಹೈಪೋ ಅಷ್ಟೇನೂ ಅಪಾಯವಲ್ಲ, ಆದರೆ ಕಿತ್ತಳೆ ಬಣ್ಣದ ಹರಳು ಡೈಕ್ರೋಮೇಟ್ ಆಗಿರಬಹುದು, ಅದು ವಿಷ.

[ಹತ್ತಿರದಿಂದ: ಎನಾಮಲ್ ಟ್ರೇ, ಸುರಿಯಲು ಮೂತಿ]

ಇವು ಫೋಟೋ ಕಾಗದ ತೊಳೆಯುವ ಟ್ರೇಗಳು. ಡೆವಲಪರ್‌ಗೆ ಒಂದು, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್‌ಗೆ ಒಂದು, ಹೈಪೋಗೆ ಒಂದು. ಮೂರು ಟ್ರೇ ಇರಬೇಕು, ಟ್ರಂಕ್‌ನಲ್ಲಿ ಎರಡೇ. ಅತ್ತೆಯನ್ನು ಕೇಳಿದೆ. ಅವರು ಸುಮ್ನೆ ತಾರಸಿ ಕಡೆ ನೋಡಿದರು.

[ದೃಶ್ಯ: ತಾರಸಿ, ಬಿಸಿಲು, ಟ್ರೇ ತುಂಬ ಸಂಡಿಗೆ]