ಇಂಜಿನ್ ಚಾಲೂ ಮಾಡುವ ಮೊದಲು

ಹಳೆಯ ಮೋಟಾರ್‌ಸೈಕಲ್ ನೋಡಲು ಹೋದವರಲ್ಲಿ ಬಹುಪಾಲು ಜನ ಮೊದಲು ಹೇಳುವ ಮಾತು, ‘ಒಂದು ಸಲ ಸ್ಟಾರ್ಟ್ ಮಾಡಿ’ ಎಂಬುದು. ಇಂಜಿನ್ನಿನ ಸದ್ದು ಕಿವಿಗೆ ಹಿತವಾಗಿ ಬಿದ್ದರೆ ಅರ್ಧ ವ್ಯಾಪಾರ ಅಲ್ಲಿಗೇ ಮುಗಿದಂತೆ. ಆಮೇಲೆ ನೋಡುವುದೆಲ್ಲ ಆಗಲೇ ಒಪ್ಪಿಬಿಟ್ಟ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವ ಕೆಲಸವಾಗುತ್ತದೆ. ಈ ಕ್ರಮವೇ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಗಾಡಿಯ ಪರೀಕ್ಷೆಗೆ ಒಂದು ಗಂಟೆ ಇದ್ದರೆ ಅದರಲ್ಲಿ ಮುಕ್ಕಾಲು ಗಂಟೆಯನ್ನು ಇಂಜಿನ್ ತಣ್ಣಗೆ, ಸುಮ್ಮನೆ ಇರುವಾಗಲೇ ಕಳೆಯಬೇಕು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಫೋರ್ ಸ್ಟ್ರೋಕ್ ಗಾಡಿ ನೋಡಲು ಹೋಗಿದ್ದೆ. ಬಣ್ಣ ಹೊಸದಾಗಿತ್ತು, ಸೈಲೆನ್ಸರಿನಲ್ಲಿ ಮುಖ ಕಾಣುವಷ್ಟು ಹೊಳಪಿತ್ತು, ಮಾರುವವರು ಒಂದೇ ಕಿಕ್ಕಿಗೆ ಚಾಲೂ ಮಾಡಿ ತೋರಿಸಿದರು. ಕೊಂಡು ತಂದೆ. ಮರುದಿನ ಬೆಳಿಗ್ಗೆ ಅದೇ ಗಾಡಿಗೆ ಇಪ್ಪತ್ತಕ್ಕೂ ಹೆಚ್ಚು ಸಲ ಕಿಕ್ ಹೊಡೆಯಬೇಕಾಯಿತು, ಕೊನೆಗೆ ಚಾಲೂ ಆದಾಗ ಎದ್ದ ನೀಲಿ ಹೊಗೆಯಲ್ಲಿ ಹಿಂದಿನ ಚಕ್ರ ಕಾಣದಂತಾಯಿತು. ಹಿಂದಿನ ದಿನ ನಾನು ತಲುಪುವ ಮೊದಲೇ ಅವರು ಇಂಜಿನ್ ಓಡಿಸಿ ಬಿಸಿ ಮಾಡಿ ಇಟ್ಟಿದ್ದರು. ಸಿಲಿಂಡರಿನ ಮೇಲೆ ಒಮ್ಮೆ ಅಂಗೈ ಇಟ್ಟಿದ್ದರೆ ಸಾಕಿತ್ತು, ಗೊತ್ತಾಗುತ್ತಿತ್ತು. ನಾನು ಇಡಲಿಲ್ಲ.

ಆದ್ದರಿಂದ ಗಾಡಿ ನೋಡಲು ಹೊರಡುವ ಮೊದಲೇ, ‘ನಾನು ಬರುವವರೆಗೆ ಚಾಲೂ ಮಾಡಬೇಡಿ’ ಎಂದು ಮಾರುವವರಿಗೆ ತಿಳಿಸಿ. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡಿ. ಬಿಸಿಯಿದ್ದರೆ ಕಾರಣ ಕೇಳಿ, ಸಾಧ್ಯವಾದರೆ ಇನ್ನೊಂದು ದಿನ ಬನ್ನಿ. ಹಗಲು ಹೊತ್ತಿನಲ್ಲಿ, ಗಾಡಿ ಒಣಗಿರುವಾಗ ಮಾತ್ರ ನೋಡಿ, ಏಕೆಂದರೆ ಒದ್ದೆಯಾದ ಬಣ್ಣದಲ್ಲಿ ಗೀರು, ತಗ್ಗು, ಬಣ್ಣದ ವ್ಯತ್ಯಾಸ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಒಂದು ಟಾರ್ಚ್ ಮತ್ತು ಒಂದು ಹಳೆಯ ಬಟ್ಟೆ ಇರಲಿ.

ಮೊದಲು ನಂಬರುಗಳನ್ನು ನೋಡಬೇಕು. ಚಾಸಿಸ್ (ಗಾಡಿಯ ಲೋಹದ ಚೌಕಟ್ಟು) ನಂಬರ್ ಸಾಮಾನ್ಯವಾಗಿ ಹ್ಯಾಂಡಲ್ ತಿರುಗುವ ಕೊಳವೆಯ ಪಕ್ಕದಲ್ಲಿ, ಇಂಜಿನ್ ನಂಬರ್ ಇಂಜಿನ್ನಿನ ಕೆಳಭಾಗದ ಕವಚದ ಮೇಲೆ ಒತ್ತಿರುತ್ತದೆ. ಎರಡನ್ನೂ ನೋಂದಣಿ ಪತ್ರದೊಂದಿಗೆ ಒಂದೊಂದು ಅಕ್ಷರವಾಗಿ ಹೋಲಿಸಿ. ನಂಬರಿನ ಸುತ್ತ ಲೋಹವನ್ನು ಉಜ್ಜಿದ ಗುರುತಿದ್ದರೆ, ಅಕ್ಷರಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದರೆ, ಅಥವಾ ಅಷ್ಟು ಜಾಗಕ್ಕೆ ಮಾತ್ರ ದಪ್ಪ ಬಣ್ಣ ಬಳಿದಿದ್ದರೆ ಮುಂದಿನ ಪರೀಕ್ಷೆ ಬೇಕಾಗಿಯೇ ಇಲ್ಲ. ಅಂಥ ಗಾಡಿ ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಗಾಡಿಯ ಮೇಲೆ ತೀರದ ಸಾಲವಿದೆಯೇ, ಮಾರುತ್ತಿರುವವರ ಹೆಸರಿನಲ್ಲೇ ಪತ್ರವಿದೆಯೇ ಎಂಬುದನ್ನೂ ಇದೇ ಹಂತದಲ್ಲಿ ಕೇಳಿಬಿಡಿ.

ಆಮೇಲೆ ಚಾಸಿಸ್. ಹಳೆಯ ಗಾಡಿಯಲ್ಲಿ ಬದಲಿಸಬಹುದಾದದ್ದು ಮತ್ತು ಬದಲಿಸಲಾಗದ್ದು ಎಂಬ ಎರಡು ವರ್ಗಗಳಿವೆ. ಟೈರು, ಚೈನು, ಬ್ಯಾಟರಿ, ಕೇಬಲ್ಲು, ಬ್ರೇಕ್ ಶೂ ಇವೆಲ್ಲ ಸವೆಯಲಿಕ್ಕೆಂದೇ ಇರುವ ಭಾಗಗಳು. ಅವು ಹಾಳಾಗಿದ್ದರೆ ಬೆಲೆ ಇಳಿಸಿ ಕೇಳಲು ಕಾರಣವಾಗುತ್ತದೆಯೇ ಹೊರತು ಗಾಡಿ ಬೇಡವೆನ್ನಲು ಅಲ್ಲ. ಚಾಸಿಸ್ ಬಾಗಿದ್ದರೆ ಮಾತು ಬೇರೆ. ಮುಂದಿನಿಂದ ಬಲವಾಗಿ ಗುದ್ದಿದ ಗಾಡಿಯಲ್ಲಿ ಏಟಿನ ಗುರುತು ಹೆಚ್ಚಾಗಿ ಹ್ಯಾಂಡಲ್ ಕೊಳವೆಗೆ ಬೆಸೆದ ಜಾಗದ ಹಿಂದೆ, ಟ್ಯಾಂಕಿನ ಕೆಳಗೆ ಉಳಿಯುತ್ತದೆ. ಟಾರ್ಚ್ ಹಿಡಿದು ಅಲ್ಲಿ ನೋಡಿದರೆ ಬಣ್ಣ ಸುಕ್ಕುಗಟ್ಟಿರುವುದೋ, ಕೂದಲೆಳೆಯಷ್ಟು ಬಿರಿದಿರುವುದೋ, ಕೊಳವೆಯ ಮೈ ಸ್ವಲ್ಪ ಉಬ್ಬಿರುವುದೋ ಕಾಣುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯುವ ಸಣ್ಣ ಲೋಹದ ಗುಬ್ಬಿಗಳನ್ನೂ ನೋಡಿ. ಒಂದು ಕಡೆಯದು ಮಾತ್ರ ಜಜ್ಜಿಹೋಗಿದ್ದರೆ ಗಾಡಿ ಒಮ್ಮೆ ಜೋರಾಗಿಯೇ ಬಿದ್ದಿರಬೇಕು. ನಂತರ ಹತ್ತು ಹೆಜ್ಜೆ ಹಿಂದೆ ಹೋಗಿ, ಕುಕ್ಕರಗಾಲಿನಲ್ಲಿ ಕುಳಿತು, ಹಿಂದಿನ ಚಕ್ರದ ನೇರದಲ್ಲಿ ಮುಂದಿನ ಚಕ್ರವನ್ನು ನೋಡಿ. ಎರಡೂ ಒಂದೇ ಗೆರೆಯಲ್ಲಿರಬೇಕು.

ಗಾಡಿ ಒಮ್ಮೆ ಬಿದ್ದಿದೆ ಎಂಬುದೇ ದೊಡ್ಡ ದೋಷವಲ್ಲ. ನಿಂತಲ್ಲೇ ವಾಲಿ ಬಿದ್ದ ಗಾಡಿಗೂ ಕ್ಲಚ್ ಲಿವರಿನ ತುದಿ ಮುರಿದಿರುತ್ತದೆ, ಫುಟ್‌ರೆಸ್ಟ್ ತುದಿ ಉಜ್ಜಿರುತ್ತದೆ. ಆ ಗೀರುಗಳನ್ನು ಹಾಗೇ ಬಿಟ್ಟು ತೋರಿಸುವ ಮಾರಾಟಗಾರರನ್ನು ನಾನು ಹೆಚ್ಚು ನಂಬುತ್ತೇನೆ. ಮಾರುವುದಕ್ಕೆಂದೇ ಬಳಿದ ಹೊಸ ಬಣ್ಣಕ್ಕಿಂತ ಮಾಸಿದ ಮೂಲ ಬಣ್ಣವೇ ನನಗೆ ಇಷ್ಟ, ಏಕೆಂದರೆ ಮೂಲ ಬಣ್ಣದಲ್ಲಿ ಗಾಡಿಯ ಚರಿತ್ರೆ ಹಾಗೆಯೇ ಉಳಿದಿರುತ್ತದೆ. ಹೊಸ ಬಣ್ಣ ಹೊಡೆದಿದ್ದರೆ ಬೋಲ್ಟುಗಳ ತಲೆ, ರಬ್ಬರ್ ಅಂಚು, ವೈರಿನ ಮೇಲೆ ಆ ಬಣ್ಣದ ತುಂತುರು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಭಾಗಗಳನ್ನು ಬಿಚ್ಚದೆ, ಅವಸರದಲ್ಲಿ ಹೊಡೆದ ಬಣ್ಣ ಅದು. ಏನನ್ನು ಮುಚ್ಚಲು ಆ ಅವಸರ ಎಂದು ಯೋಚಿಸಬೇಕು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆಗೆ ಬರುತ್ತೇನೆ. ಅದಕ್ಕೆ ಯಾವ ಉಪಕರಣವೂ ಬೇಡ. ಇಂಜಿನ್ನಿನ ಎರಡೂ ಬದಿಯ ಕವರುಗಳಲ್ಲಿರುವ ಸ್ಕ್ರೂ ಮತ್ತು ಬೋಲ್ಟುಗಳ ತಲೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಬೋಲ್ಟಿನ ಆರು ಮೂಲೆಗಳೂ ಚೂಪಾಗಿದ್ದರೆ ಅದನ್ನು ಬಿಚ್ಚಿದವರು ಸರಿಯಾದ ಅಳತೆಯ ಸ್ಪ್ಯಾನರ್ ಹಿಡಿದಿದ್ದಾರೆ. ಮೂಲೆಗಳು ಸವೆದು ಗುಂಡಗಾಗಿದ್ದರೆ ಇಕ್ಕಳದಲ್ಲಿ ಹಿಡಿದು ತಿರುಗಿಸಿದ್ದಾರೆ. ಸ್ಕ್ರೂವಿನ ತಲೆಯ ಸೀಳು ಕಿತ್ತುಹೋಗಿ ಅಂಚಿನಲ್ಲಿ ಕಚ್ಚು ಬಿದ್ದಿದ್ದರೆ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದಿದ್ದಾರೆ. ಎರಡು ಕವರುಗಳ ನಡುವಿನ ಸಂದಿನಿಂದ ಗ್ಯಾಸ್ಕೆಟ್ ಅಂಟು ಹೊರಗೆ ಉಕ್ಕಿ ಗಟ್ಟಿಯಾಗಿದ್ದರೆ, ಒಳಗೂ ಅಷ್ಟೇ ಅಂಟು ಉಕ್ಕಿರುತ್ತದೆ, ಅದರ ಚೂರುಗಳು ಆಯಿಲ್ ಹರಿಯುವ ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ನಾನು ಕೊಂಡ ಆ ಗಾಡಿಯ ಬಲಬದಿಯ ಕವರಿನಲ್ಲಿ ಮೂರು ಸ್ಕ್ರೂಗಳು ಉಳಿದವುಗಳಿಗಿಂತ ಬೇರೆ ಬಗೆಯವಾಗಿದ್ದವು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ಆದರೆ ಅದರ ಅರ್ಥವೇನೆಂದು ನಾನು ಕೇಳಿಕೊಳ್ಳಲಿಲ್ಲ. ಆಮೇಲೆ ಬಿಚ್ಚಿದಾಗ ಆ ಮೂರೂ ತೂತುಗಳ ಒಳಗಿನ ತಿರುಪಿನ ಸುತ್ತುಗಳು (ಥ್ರೆಡ್) ಕಿತ್ತುಹೋಗಿ, ಸ್ಕ್ರೂಗಳನ್ನು ಬರೀ ಅಂಟಿನಲ್ಲಿ ನಿಲ್ಲಿಸಿದ್ದು ಕಂಡಿತು. ಇಂಜಿನ್ನಿನೊಳಗೆ ಏನಾಗಿದೆ ಎಂದು ಹೊರಗಿನಿಂದ ಯಾರೂ ನೋಡಲಾರರು. ಒಳಗೆ ಕೈ ಹಾಕಿದವರು ಎಂಥವರು ಎಂಬುದು ಮಾತ್ರ ಈ ಸ್ಕ್ರೂಗಳಲ್ಲಿ ಕಾಣುತ್ತದೆ. ಮೀಟರ್ ತೋರಿಸುವ ಕಿಲೋಮೀಟರಿಗಿಂತ ಈ ಸಾಕ್ಷಿಯ ತೂಕ ದೊಡ್ಡದು.

ಮೀಟರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೆಯ ಗಾಡಿಗಳಲ್ಲಿ ಮುಂದಿನ ಚಕ್ರದಿಂದ ಬರುವ ಕೇಬಲ್ ಕಳಚಿದರೆ ಮೀಟರ್ ನಿಂತುಬಿಡುತ್ತದೆ, ಐದು ಅಂಕಿಯ ಮೀಟರ್ 99,999 ದಾಟಿದರೆ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. ಆದ್ದರಿಂದ ಅಂಕಿಯನ್ನು ಬಿಟ್ಟು ಬ್ರೇಕ್ ಪೆಡಲಿನ ಮೇಲ್ಮೈ, ಗೇರ್ ಲಿವರಿನ ರಬ್ಬರ್, ಫುಟ್‌ರೆಸ್ಟ್ ನೋಡಿ. ಹದಿನೈದು ಸಾವಿರ ಕಿಲೋಮೀಟರ್ ಎಂದು ತೋರಿಸುವ ಗಾಡಿಯ ಪೆಡಲ್ ಸವೆದು ನುಣ್ಣಗಾಗಿದ್ದರೆ ಪೆಡಲಿನ ಮಾತನ್ನೇ ನಂಬಬೇಕು.

ಮೇನ್ ಸ್ಟ್ಯಾಂಡ್ ಹಾಕಿಸಿ, ಒಬ್ಬರು ಹಿಂದಿನ ಭಾಗವನ್ನು ಒತ್ತಿ ಹಿಡಿದು ಮುಂದಿನ ಚಕ್ರ ನೆಲ ಬಿಡುವಂತೆ ಮಾಡಲಿ. ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಬೆರಳ ತುದಿಯಿಂದ ನಿಧಾನವಾಗಿ ತಿರುಗಿಸಿ. ನೇರಕ್ಕೆ ಬಂದಾಗ ಹಳ್ಳಕ್ಕೆ ಬಿದ್ದಂತೆ ಸಣ್ಣಗೆ ಕಚ್ಚಿ ನಿಂತರೆ ಸ್ಟಿಯರಿಂಗ್ ಬೇರಿಂಗಿನ ಬಟ್ಟಲುಗಳಲ್ಲಿ ಗುಳಿ ಬಿದ್ದಿದೆ. ಅದೇ ಸ್ಥಿತಿಯಲ್ಲಿ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳ, ಅಂದರೆ ಫೋರ್ಕಿನ, ಕೆಳಭಾಗವನ್ನು ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದಾಗ ಟಕ್ ಎಂದರೆ ಬೇರಿಂಗ್ ಸಡಿಲವಾಗಿದೆ. ಹಿಂದಿನ ಚಕ್ರವನ್ನು ಎರಡೂ ಬದಿಗೆ ಎಳೆದು ನೋಡಿ. ಆಟ ಕಂಡುಬಂದರೆ ಚಕ್ರದ ಬೇರಿಂಗೋ ಆ ಚಕ್ರವನ್ನು ಹಿಡಿದಿರುವ ತೋಳಿನ (ಸ್ವಿಂಗ್ ಆರ್ಮ್) ಬುಷ್ಷೋ ಸವೆದಿದೆ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ಹಲವು ಸಲ ಒತ್ತಿ, ಹೊಳೆಯುವ ಕೊಳವೆಯ ಮೇಲೆ ಎಣ್ಣೆಯ ಉಂಗುರ ಮೂಡುತ್ತದೆಯೇ ನೋಡಿ. ಎಣ್ಣೆ ತಡೆಯುವ ಸೀಲ್ ಬದಲಿಸುವುದು ಸುಲಭ, ಆದರೆ ಆ ಕೊಳವೆಯ ಮೈಯಲ್ಲೇ ತುಕ್ಕಿನ ಗುಂಡಿಗಳಿದ್ದರೆ ಹೊಸ ಸೀಲನ್ನೂ ಅವು ಹರಿದುಹಾಕುತ್ತವೆ.

ಟೈರಿನ ವಿಷಯ ಸಂಕ್ಷಿಪ್ತ. ಪಕ್ಕದ ಗೋಡೆಯ ಮೇಲೆ ತಯಾರಿಕೆಯ ಗುರುತಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ನೆಲಕ್ಕೆ ತಾಗುವ ಉಬ್ಬುಗಳು ಚೆನ್ನಾಗಿ ಉಳಿದಿದ್ದರೂ ರಬ್ಬರ್ ಬಿರಿದಿದ್ದರೆ ಆ ಟೈರನ್ನು ನಂಬಬಾರದು. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂಬದಿಯಲ್ಲಿ ಹಿಡಿದು ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಮೇಲೆ ಬಂದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳನ್ನು ಒಟ್ಟಿಗೇ ಬದಲಿಸಬೇಕಾಗುತ್ತದೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಕೆಂಪು ತುಕ್ಕಿನ ಹಕ್ಕಳೆಗಳಿದ್ದರೆ ಅವು ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬುರೇಟರಿನವರೆಗೂ ಹೋಗಿರಬಹುದು. ಇಂಜಿನ್ ಆಯಿಲಿನ ಕಡ್ಡಿಯನ್ನು ಹೊರತೆಗೆದು ಬಟ್ಟೆಯ ಮೇಲೆ ಒರೆಸಿ ಬಿಸಿಲಿಗೆ ಹಿಡಿಯಿರಿ. ಕಪ್ಪಾಗಿರುವುದು ದೋಷವಲ್ಲ. ಹಾಲು ಬೆರೆಸಿದಂತೆ ಬಿಳುಚಿದ್ದರೆ ನೀರು ಸೇರಿದೆ. ಸಣ್ಣ ಮಿನುಗುಗಳು ಕಂಡರೆ ಒಳಗೆ ಲೋಹ ತೇಯುತ್ತಿದೆ. ಪೆಟ್ರೋಲಿನ ವಾಸನೆ ಬಂದರೆ ಕಾರ್ಬುರೇಟರ್ ಸೋರಿ ಆಯಿಲಿಗೆ ಇಳಿದಿರಬಹುದು. ಕಿಕ್ಕರ್ ಇರುವ ಗಾಡಿಯಾದರೆ ಇಗ್ನಿಷನ್ ಬಂದ್ ಮಾಡಿ, ಕಿಕ್ಕರನ್ನು ಕಾಲಿನಿಂದ ನಿಧಾನವಾಗಿ ಒತ್ತುತ್ತಾ ಹೋಗಿ. ಒಂದು ಹಂತದಲ್ಲಿ ಅದು ಗಟ್ಟಿಯಾಗಿ ಎದುರು ನಿಲ್ಲಬೇಕು. ಎಲ್ಲಿಯೂ ತಡೆಯಿಲ್ಲದೆ ಜಾರಿಕೊಂಡು ಹೋದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಹಿಡಿಯುವ ಶಕ್ತಿ, ಉಳಿದಿಲ್ಲ. ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಒಳ್ಳೆಯದು: ಅಳತೆ ಕಡಿಮೆ ಬಂದಾಗ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದರೆ, ಅಂಕಿ ಏರಿದಾಗ ಪಿಸ್ಟನ್ನಿನ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಮೈ) ಸವೆದಿದೆಯೆಂದೂ, ಏರದಿದ್ದಾಗ ವಾಲ್ವ್ ಸರಿಯಾಗಿ ಕೂರುತ್ತಿಲ್ಲವೆಂದೂ ಬಹುಮಟ್ಟಿಗೆ ತೀರ್ಮಾನಿಸಬಹುದು.

ಇಷ್ಟಾದ ಮೇಲೆ ಚಾಲೂ ಮಾಡಿಸಿ, ಹೊಗೆಯನ್ನು ನೋಡುತ್ತಾ ಸೈಲೆನ್ಸರಿನ ಹಿಂದೆ ನಿಲ್ಲಿ. ತಂಪು ಬೆಳಗಿನಲ್ಲಿ ಬಿಳಿಯ ಆವಿ ಬಂದು ಕೆಲವೇ ನಿಮಿಷಗಳಲ್ಲಿ ಮಾಯವಾದರೆ ಅದು ತೇವಾಂಶ ಮಾತ್ರ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ, ಅದನ್ನು ಸರಿಪಡಿಸುವುದು ಕಷ್ಟವಲ್ಲ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಚಾಲೂ ಆದ ಕ್ಷಣ ಮಾತ್ರ ಬಂದು ನಿಂತರೆ ವಾಲ್ವ್ ಸೀಲಿನ ಮೇಲೆ ಅನುಮಾನ ಪಡಬೇಕು. ಆಕ್ಸಿಲರೇಟರ್ ಕೊಟ್ಟಷ್ಟೂ ಹೆಚ್ಚುತ್ತಾ ಹೋದರೆ ರಿಂಗ್ ಅಥವಾ ಬೋರ್ ಸವೆದಿರುವ ಸಾಧ್ಯತೆಯೇ ಹೆಚ್ಚು, ಖರ್ಚೂ ಹೆಚ್ಚು. ಟೂ ಸ್ಟ್ರೋಕ್ ಗಾಡಿಗೆ ಈ ಲೆಕ್ಕವನ್ನು ಹಾಗೆಯೇ ಹಚ್ಚಬಾರದು, ಅದರಲ್ಲಿ ಪೆಟ್ರೋಲಿನ ಜೊತೆ ಆಯಿಲ್ ಉರಿಯುವುದು ಸಹಜ. ಹನ್ನೆರಡು ವೋಲ್ಟಿನ ಗಾಡಿಯಾದರೆ, ಇಂಜಿನ್ ಸ್ವಲ್ಪ ವೇಗದಲ್ಲಿ ತಿರುಗುವಾಗ ಬ್ಯಾಟರಿಯ ಬಳಿ ಮಲ್ಟಿಮೀಟರ್ ಸುಮಾರು 13.5ರಿಂದ 14.5 ವೋಲ್ಟ್ ತೋರಿಸಬೇಕು. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಾಗದು, ಚಾರ್ಜ್ ಆಗುವ ವ್ಯವಸ್ಥೆಯಲ್ಲೇ ತೊಂದರೆಯಿದೆ.

ಕೊನೆಗೆ ಓಡಿಸಿ ನೋಡುವುದು. ಮೊದಲು ಬ್ರೇಕ್ ನಿಲ್ಲುತ್ತದೆಯೆಂದು ಖಚಿತಪಡಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು, ಖಾಲಿ ರಸ್ತೆಯಲ್ಲಿ ಹೋಗಿ. ಪ್ರತಿ ಗೇರಿನಲ್ಲಿಯೂ ಒಮ್ಮೆ ಜೋರಾಗಿ ಎಳೆದು, ತಕ್ಷಣ ಆಕ್ಸಿಲರೇಟರ್ ಬಿಡಿ. ಗೇರ್ ತಾನಾಗಿಯೇ ಕಳಚಿಕೊಂಡರೆ, ಅದರಲ್ಲೂ ಎರಡನೆಯ ಗೇರ್ ಕಳಚಿದರೆ, ಬಹುತೇಕ ಗಾಡಿಗಳಲ್ಲಿ ಇಂಜಿನ್ನನ್ನು ಚಾಸಿಸ್ಸಿನಿಂದ ಇಳಿಸಿ ಎರಡು ಹೋಳು ಮಾಡದೆ ಸರಿಪಡಿಸಲಾಗದು. ನನ್ನ ದೃಷ್ಟಿಯಲ್ಲಿ ಬಾಗಿದ ಚಾಸಿಸ್ಸಿನಷ್ಟೇ ಗಂಭೀರವಾದ ದೋಷ ಇದು. ಮೇಲಿನ ಗೇರಿನಲ್ಲಿ ಇಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಅದಕ್ಕೆ ಹೆದರಬೇಕಾಗಿಲ್ಲ, ಪ್ಲೇಟು ಬದಲಿಸಿದರೆ ಬಹುತೇಕ ಸರಿಹೋಗುತ್ತದೆ.

ವಾಪಸು ಬಂದು ಗಾಡಿಯನ್ನು ಒಣ ನೆಲದ ಮೇಲೆ ನಿಲ್ಲಿಸಿ, ಕೆಳಗೆ ಒಂದು ಹಾಳೆ ಹಾಸಿ. ಬೆಲೆಯ ಮಾತನ್ನು ಕೂಡಲೇ ಎತ್ತಬೇಡಿ. ಗಾಡಿ ಎಷ್ಟು ದಿನ ನಿಂತಿತ್ತು, ಯಾವ ಭಾಗ ಯಾವಾಗ ಬದಲಾಯಿತು, ಇಂಜಿನ್ ಬಿಚ್ಚಿದ್ದು ಏಕೆ ಎಂದು ಮಾರುವವರನ್ನು ಮಾತನಾಡಿಸಿ. ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಕೇಳದಿದ್ದರೂ ಇದನ್ನೆಲ್ಲ ಹೇಳುತ್ತಾರೆ, ಹಳೆಯ ರಸೀದಿಗಳನ್ನೂ ಹುಡುಕಿ ತರುತ್ತಾರೆ. ಹತ್ತು ಹದಿನೈದು ನಿಮಿಷ ಕಳೆದ ಮೇಲೆ ಹಾಳೆಯನ್ನು ಎತ್ತಿ ನೋಡಿ. ತೊಳೆದು ಒರೆಸಿಟ್ಟ ಇಂಜಿನ್ನಿನಲ್ಲಿ ತಣ್ಣಗಿದ್ದಾಗ ಕಾಣದ ಸೋರಿಕೆ ಬಿಸಿಯಾದ ಮೇಲೆ ಹನಿಯಾಗಿ ಬಿದ್ದಿರುತ್ತದೆ, ಆ ಹನಿ ಎಲ್ಲಿಂದ ಇಳಿಯಿತೆಂದು ಟಾರ್ಚ್ ಹಿಡಿದು ಮೇಲಕ್ಕೆ ಹುಡುಕಿಕೊಂಡು ಹೋಗಿ, ಆ ಜಾಗವನ್ನು ಮಾರುವವರಿಗೂ ತೋರಿಸಿ, ಆಮೇಲೆ ಬೆಲೆ ಕೇಳಿ.