ಕೊರತೆಯಿರುವ ನಾಯಿಮರಿ: ಮನೆಗೆ ತರುವ ಮುನ್ನ

ಕೇಳುಗರಿಗೆ ನಮಸ್ಕಾರ.

ಅಂಕೋಲೆಯಲ್ಲೋ ಕುಮಟೆಯಲ್ಲೋ ಪರಿಚಯದವರ ಮನೆಯಲ್ಲಿ ನಾಯಿ ಮರಿ ಹಾಕಿದೆ. ಆರರಲ್ಲಿ ಐದಕ್ಕೆ ಮನೆ ಗೊತ್ತಾಗಿದೆ, ಒಂದು ಉಳಿದಿದೆ. ಅದರ ಹೊಕ್ಕಳಲ್ಲಿ ಅಡಿಕೆಯಷ್ಟು ಗಂಟಿದೆ. ಇಲ್ಲವೇ ಲಸಿಕೆ ಹಾಕಲು ಬಂದ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ಏನೋ ಸದ್ದು ಬರ್ತಾ ಇದೆ ಅಂದು ಹೋಗಿದ್ದಾರೆ. ದೊಡ್ಡದಾದ ಮೇಲೆ ಸರಿ ಹೋಗ್ತದೆ, ಬೇಕಾದ್ರೆ ದುಡ್ಡು ಕಡಿಮೆ ಕೊಡಿ ಅನ್ನುತ್ತಾರೆ ಮನೆಯವರು. ನಿಮ್ಮ ಮಗು ಆಗಲೇ ಅದನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದೆ.

ದೊಡ್ಡದಾದ ಮೇಲೆ ಸರಿ ಹೋಗ್ತದೆ ಎಂಬ ಮಾತು ಕೆಲವು ತೊಂದರೆಗಳ ಮಟ್ಟಿಗೆ ಖಂಡಿತ ನಿಜ. ಇನ್ನು ಕೆಲವಕ್ಕೆ ಪೂರ್ತಿ ಸುಳ್ಳು. ಅಂಥವುಗಳಲ್ಲಿ ಕಾದಷ್ಟೂ ಮರಿಯ ಆಯುಸ್ಸು ಸವೆಯುತ್ತದೆ. ಯಾವುದು ಯಾವ ಬಗೆಯದು ಎಂದು ತಿಳಿಯಲು ಆ ತೊಂದರೆಗೆ ಒಂದು ಹೆಸರು ಬೇಕು. ಹೆಸರು ಗೊತ್ತಾದರೆ ಖರ್ಚು ಎಷ್ಟು, ಎಷ್ಟು ದಿನದ ಆರೈಕೆ, ಯಾವ ಊರಿಗೆ ಹೋಗಬೇಕು ಎಲ್ಲ ಲೆಕ್ಕಕ್ಕೆ ಸಿಗುತ್ತದೆ. ಮಗು ಮರಿಗೆ ಹೆಸರಿಡುವ ಮೊದಲೇ ಡಾಕ್ಟರು ತೊಂದರೆಗೆ ಹೆಸರಿಟ್ಟಿರಲಿ.

ಮರಿಯನ್ನು ನೋಡಲು ಹಗಲಲ್ಲಿ ಹೋಗಿ. ತಾಯಿ ಜೊತೆಗಿರುವಾಗ, ಅದು ಹುಟ್ಟಿದ ಜಾಗದಲ್ಲೇ ನೋಡಿ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳೇ ಹೇಳುತ್ತವೆ. ತೊಂದರೆಯಿರುವ ಮರಿಗಂತೂ ತಾಯಿಯ ಜೊತೆ ಇನ್ನೊಂದೆರಡು ವಾರ ಸಿಕ್ಕರೆ ಒಳ್ಳೆಯದೇ.

ಮೇಲ್ದುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಾಯಿ ತೆರೆದಾಗ ಅಂಗುಳನ್ನೂ ಕಣ್ಣಾಡಿಸಿ. ಅಲ್ಲಿ ಸೀಳಿದ್ದರೆ ಕುಡಿದ ಹಾಲು ಮೂಗಿನಿಂದ ಬರುತ್ತದೆ. ಮರಿ ನಿದ್ದೆ ಹೋದ ಮೇಲೆ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 15ರಿಂದ 30 ಸಾಮಾನ್ಯ, ಪುಟ್ಟ ಮರಿಗೆ ಸ್ವಲ್ಪ ಹೆಚ್ಚು. ಕನಸು ಕಾಣುತ್ತ ಕಾಲು ಆಡಿಸುವಾಗ ಉಸಿರು ಓಡುತ್ತದೆ, ಆಗ ಎಣಿಸಬೇಡಿ. ಶಾಂತ ನಿದ್ದೆಯಲ್ಲೂ ಮತ್ತೆ ಮತ್ತೆ 40 ದಾಟಿದರೆ ಡಾಕ್ಟರಿಗೆ ಹೇಳಲೇಬೇಕು.

ಈಗ ಹೊಕ್ಕಳ ಗಂಟು. ಇದು ಹೊಕ್ಕಳ ಹರ್ನಿಯಾ. ಹೊಟ್ಟೆಯ ಸ್ನಾಯು ಪೂರ್ತಿ ಕೂಡದೆ ಉಳಿದ ಕಿಂಡಿಯಿಂದ ಒಳಗಿನ ಕೊಬ್ಬು ಹೊರಗೆ ಉಬ್ಬಿರುತ್ತದೆ. ಮರಿಯನ್ನು ಅಂಗಾತ ಮಲಗಿಸಿ ಮೆತ್ತಗೆ ಒತ್ತಿ. ಗಂಟು ಒಳಗೆ ಜಾರಿ, ಕಿಂಡಿಗೆ ಕಿರುಬೆರಳ ತುದಿ ಹಿಡಿಯುವಷ್ಟೇ ಜಾಗವಿದ್ದರೆ ಹೆಚ್ಚಾಗಿ 6 ತಿಂಗಳೊಳಗೆ ತಾನೇ ಮುಚ್ಚುತ್ತದೆ. ಮುಚ್ಚದಿದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ದಿನವೇ ಎರಡು ಹೊಲಿಗೆ ಹಾಕಿಸಿದರಾಯಿತು. ಇದೊಂದೇ ಕಾರಣಕ್ಕೆ ಮರಿಯನ್ನು ಬಿಡಬೇಕಿಲ್ಲ. ಕಿಂಡಿ ದೊಡ್ಡದಿದ್ದರೆ ಮಾತು ಬೇರೆ, ಕರುಳು ಇಳಿಯಬಹುದು. ಗಂಟು ಗಟ್ಟಿಯಾಗಿ, ಬಿಸಿಯಾಗಿ, ಒತ್ತಿದರೆ ಮರಿ ಕಿರುಚಿ, ವಾಂತಿಯೂ ಶುರುವಾದರೆ ಕರುಳು ಸಿಕ್ಕಿಕೊಂಡಿದೆ ಎಂದೇ ತಿಳಿದು ಅಂದೇ ಆಸ್ಪತ್ರೆಗೆ ಹೊರಡಿ. ಗಂಟಿನ ಮೇಲೆ ನಾಣ್ಯ ಇಟ್ಟು ಬಟ್ಟೆ ಬಿಗಿಯುವುದು ಬೇಡ. ಕಿಂಡಿ ಅದರಿಂದ ಮುಚ್ಚುವುದಿಲ್ಲ, ನಮ್ಮ ಕರಾವಳಿಯ ಸೆಕೆಗೆ ಅಡಿಯ ಚರ್ಮ ಮಾತ್ರ ಕೊಳೆಯುತ್ತದೆ.

ಎದೆಯ ಸದ್ದಿನ ವಿಷಯ ಇಷ್ಟು ಸಲೀಸಲ್ಲ. ಡಾಕ್ಟರು ಇದಕ್ಕೆ ಮರ್ಮರ್ ಅನ್ನುತ್ತಾರೆ. ರಕ್ತ ಸರಾಗ ಹರಿಯದೆ ಸುಳಿ ಎದ್ದಾಗ ಬರುವ ಸದ್ದು ಅದು. ಜೋರನ್ನು 1ರಿಂದ 6ರವರೆಗೆ ಅಳೆಯುತ್ತಾರೆ. ಬೆಳೆಯುವ ಮರಿಗಳಲ್ಲಿ 1 ಅಥವಾ 2ರ ಮಟ್ಟದ ಮೆಲುಸದ್ದು ಹೃದಯಕ್ಕೆ ಯಾವ ದೋಷವೂ ಇಲ್ಲದೆ ಬರುವುದುಂಟು. 4–5 ತಿಂಗಳ ಹೊತ್ತಿಗೆ ಹೋಗಿಬಿಡುತ್ತದೆ. ರಕ್ತ ತೆಳುವಾದಾಗಲೂ ಇಂಥದೇ ಸದ್ದು ಬರುತ್ತದೆ. ನಮ್ಮ ಮರಳು ನೆಲ, ತೇವದ ಅಂಗಳದಲ್ಲಿ ಕೊಕ್ಕೆಹುಳು ಚೆನ್ನಾಗಿ ಬಾಳುತ್ತದೆ, ತಾಯಿಯ ಹಾಲಿನಿಂದಲೂ ಮರಿಗೆ ದಾಟುತ್ತದೆ, ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಸಡು ಬಿಳಿಚಿದೆ, ಹೊಟ್ಟೆ ಗುಡಾಣದಂತೆ ಉಬ್ಬಿದೆ, ಸದ್ದೂ ಇದೆ ಎಂದಾದರೆ ಮೊದಲು ಮಲ ಪರೀಕ್ಷೆ, ಜಂತುಹುಳದ ಔಷಧಿ. ಈ ಔಷಧಿ 2 ವಾರದ ವಯಸ್ಸಿನಿಂದ 8 ವಾರದವರೆಗೆ ಪ್ರತಿ 2 ವಾರಕ್ಕೊಮ್ಮೆ, ಆಮೇಲೆ 6 ತಿಂಗಳವರೆಗೆ ತಿಂಗಳಿಗೊಮ್ಮೆ, ಪ್ರತಿ ಸಲವೂ ತೂಕ ನೋಡಿಯೇ ಕೊಡಬೇಕು. ರಕ್ತ ತುಂಬಿಕೊಂಡ ಮೇಲೆ ಸದ್ದು ಹೋದರೆ ಹೃದಯದ ಚಿಂತೆ ಬಿಡಬಹುದು.

ಸದ್ದು 3 ಅಥವಾ ಅದಕ್ಕೂ ಮೇಲಿದ್ದರೆ, ಎದೆಗೆ ಅಂಗೈ ಇಟ್ಟಾಗಲೇ ಜುಮ್ಮೆಂದು ನಡುಗಿದರೆ, ಕಾಯುವ ಮಾತೇ ಬೇಡ, ಎಕೋ ಪರೀಕ್ಷೆ, ಅಂದರೆ ಹೃದಯದ ಸ್ಕ್ಯಾನ್ ಬೇಕು. ಎಡ ಮುಂಗಾಲಿನ ಕಂಕುಳ ಬಳಿ ಯಂತ್ರ ಓಡಿದಂತೆ ಬಿಡುವಿಲ್ಲದೆ ಸದ್ದು ಕೇಳಿದರೆ ಡಾಕ್ಟರು ಪಿಡಿಎ ಎಂಬ ದೋಷವನ್ನು ಶಂಕಿಸುತ್ತಾರೆ. ತಾಯಿಯ ಗರ್ಭದಲ್ಲಿದ್ದಾಗ ತೆರೆದಿದ್ದು ಹುಟ್ಟಿದ ಮೇಲೆ ಮುಚ್ಚಬೇಕಾದ ರಕ್ತನಾಳ ಮುಚ್ಚದೆ ಉಳಿದಿರುತ್ತದೆ. ಹಾಗೇ ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಮರಿಗಳು ವರ್ಷ ದಾಟುವುದಿಲ್ಲ. ಸಕಾಲದಲ್ಲಿ ನಾಳ ಕಟ್ಟಿಸಿದರೆ ಅದೇ ಮರಿ ಬಹುಪಾಲು ಪೂರ್ಣ ಆಯುಸ್ಸು ಬಾಳಬಲ್ಲದು. ದೊಡ್ಡದಾದ ಮೇಲೆ ನೋಡೋಣ ಎಂಬ ಮಾತು ಜೀವ ತೆಗೆಯುವುದು ಇಂಥ ಕಡೆ. ಹೃದಯದ ಕವಾಟ ಅಥವಾ ಅದರ ಕೆಳಗಿನ ದಾರಿ ಕಿರಿದಾದ ದೋಷಗಳಿಗೆ ಇಷ್ಟು ಒಳ್ಳೆಯ ಚಿಕಿತ್ಸೆಯಿಲ್ಲ. ಕೆಲವು ಮರಿಗಳು ಓಡುತ್ತಿದ್ದಂತೆಯೇ ಬಿದ್ದು ಸಾಯುತ್ತವೆ. ಎಕೋ ಆಗುವವರೆಗೆ ಹಣ ಕೊಡಬೇಡಿ, ಮಾತೂ ಕೊಡಬೇಡಿ.

ಎಕೋ ಎಲ್ಲಿ ಮಾಡಿಸುವುದು ಎನ್ನುವುದೂ ನಿರ್ಧಾರದ ಭಾಗವೇ. ಶಿರಸಿ, ಸಿದ್ದಾಪುರದವರಿಗೆ ಸಾಗರದ ದಾರಿಯಾಗಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿದೆ, ದೂರವಾದರೂ ಬೆಂಗಳೂರಿನ ಹೆಬ್ಬಾಳದ್ದಿದೆ. ಯಾವ ಪರೀಕ್ಷೆ ಯಾವ ದಿನ ಎಂದು ಮೊದಲೇ ಫೋನ್ ಮಾಡಿ ಕೇಳಿ. ಕಾರವಾರದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತಬೇಕು, ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ. ಆಷಾಢದ ಮಳೆಯಲ್ಲಿ ಗುಡ್ಡ ಕುಸಿದು ರಸ್ತೆ ಬಂದಾದರೆ ಉಸಿರುಗಟ್ಟುವ ಮರಿಯನ್ನು ಎತ್ತಿಕೊಂಡು ಎಲ್ಲಿಗೆ ಹೋಗುತ್ತೀರಿ? ಮೇಲಿಂದ ಮೇಲೆ ದೊಡ್ಡ ಆಸ್ಪತ್ರೆ ಬೇಕಾಗುವ ಮರಿಯಾದರೆ ಈ ಪ್ರಶ್ನೆಗೆ ಮನೆಯವರೆಲ್ಲ ಕೂತು ಉತ್ತರ ಕಂಡುಕೊಳ್ಳಿ.

ಕಾಲು ಸೊಟ್ಟಗಿರುವ ಮರಿಯನ್ನು ಕಂಡು ಜನ ಬೇಗ ಕೈಬಿಡುತ್ತಾರೆ. ಏನು ತಿನ್ನಿಸುತ್ತಿದ್ದಾರೆಂದು ಕೇಳಿ. ಬರೀ ಗಂಜಿ-ಸಾರು, ಇಲ್ಲವೇ ಬರೀ ಕೋಳಿಮಾಂಸ ತಿಂದ ಮರಿಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಲದೆ ಮೂಳೆ ಮೆತ್ತಗಾಗಿ ಬಾಗುತ್ತದೆ. ಮರಿಗಳಿಗೆಂದೇ ತಯಾರಿಸಿದ ಸಮತೋಲ ಆಹಾರಕ್ಕೆ ಬದಲಿಸಿ, ಜಾರುವ ಟೈಲ್ಸ್ ಮೇಲೆ ಹಳೆ ಗೋಣಿ ಹಾಸಿ, ಕೆಲವು ವಾರ ಕುಣಿದಾಟ ತಡೆದರೆ ಹೆಚ್ಚಿನವು ಚೇತರಿಸುತ್ತವೆ. ಅದರ ಮೇಲೆ ಕ್ಯಾಲ್ಸಿಯಂ ಸಿರಪ್ಪನ್ನೂ ಸುರಿಯಬೇಡಿ, ದೊಡ್ಡ ತಳಿಯ ಮರಿಗಳಿಗೆ ಹೆಚ್ಚಾದ ಕ್ಯಾಲ್ಸಿಯಂ ಕೂಡ ಮೂಳೆ ಕೆಡಿಸುತ್ತದೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಸೊಂಟದ ಕೀಲಿನ ದೋಷ ವಂಶದಲ್ಲಿ ಬರುವಂಥದ್ದು. 2 ತಿಂಗಳ ಮರಿಯನ್ನು ಕಣ್ಣಿನಿಂದ ನೋಡಿ ಅದನ್ನು ಹೇಳಲಾಗದು, ತಂದೆತಾಯಿಯ ಎಕ್ಸ್‌ರೇ ಇದೆಯೇ ಎಂದು ಕೇಳಬೇಕು.

ಕೂದಲು ಉದುರಿದ ಮರಿ ಕಂಡರೆ ಕಜ್ಜಿ ಎಂದು ಎಲ್ಲರೂ ಹಿಂದೆ ಸರಿಯುತ್ತಾರೆ. ಕಜ್ಜಿಯಲ್ಲಿ ಎರಡು ಜಾತಿ. ಕಣ್ಣಿನ ಸುತ್ತ, ತುಟಿಯ ಅಂಚು, ಮುಂಗಾಲಲ್ಲಿ ನಾಲ್ಕಾರು ಬೋಳು ಚುಕ್ಕೆ, ತುರಿಕೆ ಅಷ್ಟಾಗಿ ಇಲ್ಲ ಎಂದಾದರೆ ಡೆಮೋಡೆಕ್ಸ್. ಮನುಷ್ಯರಿಗೆ ಅಂಟುವುದಿಲ್ಲ, ಹೆಚ್ಚಿನವು ತಾವಾಗಿಯೇ ವಾಸಿಯಾಗುತ್ತವೆ; ಮೈತುಂಬ ಹರಡಿದರೆ ಮಾತ್ರ ದೀರ್ಘ ಚಿಕಿತ್ಸೆ. ಇನ್ನೊಂದು, ರಾತ್ರಿ ಹಗಲು ಕೆರೆಸುವ ಸಾರ್ಕೋಪ್ಟಿಸ್. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿದರೆ ಮರಿ ಹಿಂಗಾಲಿನಿಂದ ಗಾಳಿಯಲ್ಲೇ ಕೆರೆಯತೊಡಗುತ್ತದೆ. ಇದು ಮನೆಯವರಿಗೂ ಅಂಟುತ್ತದೆ. ಆದರೂ ಗುಣವಾಗುವ ರೋಗವೇ. ಡಾಕ್ಟರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವುದೆಂದು ಹೇಳುತ್ತಾರೆ. ಗ್ಯಾರೇಜಿನ ಸುಟ್ಟ ಆಯಿಲ್, ಸೀಮೆಎಣ್ಣೆ ಬಳಿಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಮರಿ ಅದನ್ನು ನೆಕ್ಕುತ್ತದೆ, ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ಅಂಗಡಿಯಿಂದ ಐವರ್ಮೆಕ್ಟಿನ್ ತಂದು ಅಂದಾಜಿಗೆ ಚುಚ್ಚುವುದೂ ಬೇಡ, ಎಳೆ ಮರಿಗಳಿಗೂ ಕುರಿ ಕಾಯುವ ಕೋಲಿಯಂಥ ತಳಿಗಳಿಗೂ ಅದು ಮೆದುಳಿಗೆ ಏರುತ್ತದೆ.

ಇನ್ನು ನಿಜಕ್ಕೂ ಹೆದರಬೇಕಾದ ರೋಗ, ಪಾರ್ವೋ. ಮರಿ ಮಂಕಾಗುತ್ತದೆ, ವಾಂತಿ, ಆಮೇಲೆ ಗಬ್ಬು ನಾತದ ರಕ್ತಭೇದಿ. ಡ್ರಿಪ್ ಹಾಕಿ ನೋಡಿಕೊಂಡರೆ ಬಹಳಷ್ಟು ಉಳಿಯುತ್ತವೆ, ಬಿಟ್ಟರೆ ಬಹುತೇಕ ಸಾಯುತ್ತವೆ. ಜೊತೆಯ ಮರಿಗಳಲ್ಲಿ ಯಾವುದಾದರೂ ಕಳೆದ 2 ವಾರದಲ್ಲಿ ಸತ್ತಿದೆಯೇ ಎಂದು ನೇರವಾಗಿ ಕೇಳಿ. ಸತ್ತಿದ್ದರೆ ಉಳಿದದ್ದು ಇವತ್ತು ಎಷ್ಟೇ ಚುರುಕಾಗಿ ಕಂಡರೂ ಇನ್ನೂ 2 ವಾರ ಅಲ್ಲೇ ಇರಲಿ. ನಿಮ್ಮ ಅಂಗಳದಲ್ಲೇ ಹಿಂದೆ ಮರಿ ಪಾರ್ವೋದಿಂದ ಸತ್ತಿದ್ದರೆ ಆ ವೈರಸ್ ನೆರಳಿನ ಮಣ್ಣಿನಲ್ಲಿ ವರ್ಷದವರೆಗೂ ಉಳಿಯಬಲ್ಲದು. ಫಿನೈಲ್‌ಗೆ ಅದು ಸಾಯುವುದಿಲ್ಲ. ನೆಲವನ್ನು ಮೊದಲು ಸೋಪಿನಿಂದ ತೊಳೆದು, ಮನೆಯಲ್ಲಿ ಬಳಸುವ ಬ್ಲೀಚ್ ದ್ರಾವಣ 1 ಪಾಲಿಗೆ ನೀರು 30 ಪಾಲು ಬೆರೆಸಿ, 10 ನಿಮಿಷ ಒದ್ದೆ ಇರುವಂತೆ ಬಿಡಿ. ಮಣ್ಣಂಗಳಕ್ಕೆ ಇದೂ ನಾಟುವುದಿಲ್ಲ; ಲಸಿಕೆ ಮುಗಿಯುವವರೆಗೆ ಮರಿಯನ್ನು ಜಗಲಿಯಿಂದ ಇಳಿಸಬೇಡಿ. ಇಂಜೆಕ್ಷನ್ ಆಗಿದೆ ಎಂದರೆ ಎಷ್ಟು ಎಂದು ಕೇಳಿ. 6–8 ವಾರಕ್ಕೆ ಶುರುವಾಗಿ, 3–4 ವಾರದ ಅಂತರದಲ್ಲಿ, ಕೊನೆಯದು 16 ವಾರ ತುಂಬಿದ ಮೇಲೆ ಬೀಳಬೇಕು, ಯಾಕೆಂದರೆ ತಾಯಿಯಿಂದ ಬಂದ ರಕ್ಷಣೆ ಆರುವವರೆಗೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಕಾರ್ಡಿನಲ್ಲಿ ಸೀಸೆಯ ಲೇಬಲ್ ಅಂಟಿಸಿ ಡಾಕ್ಟರು ಸಹಿ ಹಾಕಿರಬೇಕು. ಕಣ್ಣಲ್ಲಿ ಪಿಸುರು, ಮೂಗಲ್ಲಿ ಕೀವು, ಕೆಮ್ಮು ಇದ್ದರೆ ಡಿಸ್ಟೆಂಪರ್ ಎಂಬ ವೈರಸ್ ರೋಗ ಇರಬಹುದು. ಅದು ವಾಸಿಯಾದಂತೆ ಕಂಡು ವಾರಗಳ ಮೇಲೆ ಫಿಟ್ಸ್ ಆಗಿ ಮರಳುವುದುಂಟು.

ಘಟ್ಟದ ಮೇಲಿನ ಮನೆಗಳಿಗೆ ಉಣುಗಿನ ಚಿಂತೆ ಬೇರೆ. ಉಣುಗು ಜ್ವರ ಬಂದ ಮರಿ ರಕ್ತ ಪರೀಕ್ಷೆ, ಚಿಕಿತ್ಸೆಯಿಂದ ಚೇತರಿಸುತ್ತದೆ. ಆದರೆ ಸಿದ್ದಾಪುರ, ಹೊನ್ನಾವರದ ಕಾಡಂಚಿನಲ್ಲಿ ಮಂಗನ ಕಾಯಿಲೆ ಹರಡುವುದೂ ಉಣುಗಿನಿಂದಲೇ. ಕಾಡು ಸುತ್ತಿದ ನಾಯಿ ಅವನ್ನು ಮೈಮೇಲೆ ಹೊತ್ತು ಮನೆಯೊಳಗೆ ತರಬಹುದು. 8 ವಾರ ತುಂಬಿದ ಮರಿಗೆ ತೂಕ ನೋಡಿ ಉಣುಗಿನ ಮಾತ್ರೆ ಬರೆಸಿಕೊಳ್ಳಿ.

ಮರಿಯ ಬೆನ್ನ ಹಿಂದೆ, ಗಾಳಿ ತಾಗದಷ್ಟು ದೂರದಿಂದ ಕೀಲಿಕೈ ಅಲ್ಲಾಡಿಸಿ. ಕಿವಿ ತಿರುಗಿಸದ ಮರಿ, ಅದರಲ್ಲೂ ಬಿಳಿ ಮೈಯದು, ಹುಟ್ಟುಕಿವುಡಾಗಿರಬಹುದು. ಕಾರವಾರದ ಕಾಂಪೌಂಡ್ ಗೋಡೆಯೊಳಗಿನ ಮನೆಯಲ್ಲಿ ಕೈಸನ್ನೆ ಕಲಿಸಿ ಅದನ್ನು ಚೆನ್ನಾಗಿ ಸಾಕಬಹುದು. ಯಲ್ಲಾಪುರ, ಜೋಯಿಡಾದ ಕಡೆ, ಚಿರತೆ ಅಂಗಳಕ್ಕೆ ಬರುವ ಒಂಟಿ ಮನೆಯಲ್ಲಿ, ರಾತ್ರಿ ಹೊರಗೆ ಬಿಡುವ ನಾಯಿಯಾಗಿ ಅದನ್ನು ಸಾಕಲಾಗದು. ಪಗ್‌ನಂಥ ಚಪ್ಪಟೆ ಮೂಗಿನ ಮರಿಯ ಹೊಳ್ಳೆ ಗೆರೆಯಷ್ಟೇ ಕಿರಿದಾಗಿದ್ದು ನಿದ್ದೆಯಲ್ಲೂ ಗೊರಕೆ ಎಳೆಯುತ್ತಿದ್ದರೆ, ನಮ್ಮ ಏಪ್ರಿಲ್–ಮೇ ನೆನಪಿರಲಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನ ತೇವ ಆರಿಸಿ. ಕಡಲ ಗಾಳಿಯೇ ಒದ್ದೆಯಾಗಿರುವಾಗ ಅದು ಸರಿಯಾಗಿ ಆರುವುದಿಲ್ಲ.

ಮಳೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಮರಿಯ ವಿಷಯದಲ್ಲಿ ಇಷ್ಟೆಲ್ಲ ನೋಡಲು ಬಿಡುವಿರುವುದಿಲ್ಲ, ಎತ್ತಿಕೊಳ್ಳಬೇಕಾಗುತ್ತದೆ. ಎತ್ತಿಕೊಳ್ಳಿ. 2 ವಾರ ಬೇರೆ ಕೋಣೆಯಲ್ಲಿ, ಬೇರೆ ಬಟ್ಟಲಲ್ಲಿ ಇಡಿ, ಮನೆಯ ನಾಯಿಯಿಂದ ದೂರ. ಅದು ಕಚ್ಚಿದರೆ, ಹಲ್ಲು ತಾಗಿದರೆ, ಎಷ್ಟೇ ಪುಟ್ಟದಾಗಿರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿಕೊಳ್ಳಿ. ಮರಿಗೆ ಹುಚ್ಚು ಇರುವುದಿಲ್ಲ ಎಂಬ ನಂಬಿಕೆಯಿಂದ ಮಕ್ಕಳು ಸತ್ತಿದ್ದಾರೆ. ಮರಿಗೆ ರೇಬೀಸ್ ಲಸಿಕೆ 3 ತಿಂಗಳಿಗೆ.

ಕೊಡುವವರ ಜೊತೆ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: 3 ದಿನದೊಳಗೆ ನಮ್ಮ ಡಾಕ್ಟರಿಗೆ ತೋರಿಸುತ್ತೇವೆ, ಹೇಳದ ದೋಷ ಸಿಕ್ಕರೆ ಹಣ ವಾಪಸ್, ಚಿಕಿತ್ಸೆಯ ಖರ್ಚಿನಲ್ಲಿ ಇಷ್ಟು ಪಾಲು ನಿಮ್ಮದು. ಬೇಡ ಎಂದು ತೀರ್ಮಾನಿಸಿದರೂ ಡಾಕ್ಟರು ಹೇಳಿದ ದೋಷದ ಹೆಸರನ್ನು ಆ ಮನೆಯವರಿಗೆ ತಿಳಿಸಿ ಬನ್ನಿ. ವಂಶದಲ್ಲಿ ಬರುವ ದೋಷವಾದರೆ ಅದೇ ಜೋಡಿಯಿಂದ ಮತ್ತೆ ಮರಿ ಮಾಡಿಸಬಾರದು. ತರುವುದೆಂದಾದರೆ ಮನೆಯ ಕ್ಯಾಲೆಂಡರಿನಲ್ಲಿ ಇವತ್ತೇ ಎರಡು ಕಡೆ ಗುರುತು ಹಾಕಿ: ಮರಿಗೆ 16 ವಾರ ತುಂಬುವ ದಿನ ಕೊನೆಯ ಲಸಿಕೆಗೆ ಮತ್ತು ಎದೆಯ ಸದ್ದನ್ನು ಮತ್ತೊಮ್ಮೆ ಕೇಳಿಸಲು, 6 ತಿಂಗಳು ತುಂಬುವ ದಿನ ಹೊಕ್ಕಳ ಕಿಂಡಿ ಮುಚ್ಚಿದೆಯೇ ಎಂದು ನೋಡಿಸಲು. ಗಂಡು ಮರಿಯಾದರೆ ಎರಡೂ ಬೀಜ ಇಳಿದಿವೆಯೇ ಎಂಬುದನ್ನೂ ಆ ದಿನವೇ ಕೇಳಿ. ಇಳಿಯದೆ ಹೊಟ್ಟೆಯಲ್ಲೇ ಉಳಿದ ಬೀಜದಲ್ಲಿ ಮುಂದೆ ಗಡ್ಡೆ ಬೆಳೆಯುವ ಅಪಾಯ ಹೆಚ್ಚು, ಅದನ್ನು ತೆಗೆಸಬೇಕು.

ನಮಸ್ಕಾರ.