ಆಯಿಯ ಹಚ್ಚೆ ಎಲ್ಲಿ ಹೋಯಿತು?

ನಮಸ್ಕಾರ. ಇವತ್ತಿನ ಮಾತು ಫೋಟೋದ ನಾಯ್ಸ್, ಅಂದರೆ ಅದರ ಮೇಲೆ ಕಾಣುವ ಕಾಳು ಕಾಳು, ಒರೆಸುವುದು ಮತ್ತು ಶಾರ್ಪ್ ಮಾಡುವುದು, ಈ ಎರಡರ ಹದದ ಬಗ್ಗೆ. ಒಂದು ಫೋಟೋದಿಂದಲೇ ಶುರು ಮಾಡುತ್ತೇನೆ. ಸ್ಕ್ರೀನ್ ಮೇಲೆ ಕಾಣುತ್ತಿರುವವಳು ನಮ್ಮ ಆಯಿ, ನಮ್ಮವ್ವನ ತಾಯಿ. ಗದಗಿನಲ್ಲಿ ನನ್ನ ಮಾವನ ಮಗಳ ಮದುವೆ ಆಯ್ತು, ಆ ಆಲ್ಬಂನ ಫೋಟೋ ಇದು. ಆಯಿಗೆ ಎಂಬತ್ತು ದಾಟಿದೆ. ಮುಖದ ತುಂಬ ಸುಕ್ಕು. ಹಣೆಯ ಮೇಲೆ, ಗದ್ದದ ಮೇಲೆ ಹಚ್ಚೆ. ಆದರೆ ಈ ಫೋಟೋದಲ್ಲಿ ಹುಡುಕಿ ನೋಡಿ, ಹಚ್ಚೆ ಇಲ್ಲವೇ ಇಲ್ಲ. ಕೆನ್ನೆ ಮೇಣ ಬಳಿದ ಹಾಗಿದೆ. ಉಟ್ಟಿರುವುದು ಇಳಕಲ್ ಸೀರೆ, ತೊಟ್ಟಿರುವುದು ಗುಳೇದಗುಡ್ಡದ ಖಣದ ಕುಪ್ಪಸ. ಆ ಖಣದ ನೇಯ್ಗೆಯೂ ಕರಗಿ ಬರೀ ಬಣ್ಣದ ಪಟ್ಟಿ ಉಳಿದಿದೆ. ಹುಬ್ಬು, ಕನ್ನಡಕದ ಫ್ರೇಮು, ಸೆರಗಿನ ಅಂಚು ಮಾತ್ರ ಕತ್ತರಿಸಿ ಅಂಟಿಸಿದ ಹಾಗೆ ಎದ್ದು ಕಾಣುತ್ತವೆ. ಅವುಗಳ ಸುತ್ತ ತೆಳ್ಳಗೆ ಬಿಳಿ ಗೆರೆ ಬೇರೆ.

ಆಲ್ಬಂ ಮನೆಗೆ ಬಂದ ದಿನ ಆಯಿ ಇದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದಳು. "ಇದು ನಾನಲ್ಲೋ ತಮ್ಮಾ, ನನ್ನ ಹಚ್ಚಿ ಎಲ್ಲಿ ಹೋತು?" ಅಂದಳು.

ನನಗೆ ಬಹಳ ಬೇಜಾರಾಯಿತು. ಸ್ಟುಡಿಯೋದವರಿಗೆ ಫೋನ್ ಮಾಡಿ ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದ ಮೂಲ ಫೈಲ್, ಕೇಳಿದೆ. ಹಾರ್ಡ್ ಡಿಸ್ಕ್ ತುಂಬಿತ್ತು, ಅಳಿಸಿಬಿಟ್ಟೆವು ಅಂದರು. ಉಳಿದದ್ದು ತಿದ್ದಿ, ಕುಗ್ಗಿಸಿ ಉಳಿಸಿದ ಜೆಪೆಗ್ ಮಾತ್ರ. ಅದರಲ್ಲಿ ಹೋದದ್ದು ಹೋಯಿತು, ಮರಳಿ ತರಲು ಬರುವುದಿಲ್ಲ.

ಅಲ್ಲಿ ನಡೆದದ್ದು ಏನು ಅಂತ ಊಹಿಸುವುದು ಕಷ್ಟ ಅಲ್ಲ. ಮಂಟಪದಲ್ಲಿ ಬೆಳಕು ಕಡಿಮೆ. ಚಿತ್ರ ಬೆಳಗಿ ಕಾಣಲಿ ಅಂತ ಕ್ಯಾಮೆರಾದ ಐಎಸ್‌ಒ ಏರಿಸಿದ್ದಾರೆ. ಮುಖದ ಮೇಲೆಲ್ಲ ಕಾಳು ಕಾಳು. ಅದನ್ನು ಕಂಡು ನಾಯ್ಸ್ ಒರೆಸುವ ಸ್ಲೈಡರ್ ಪೂರ್ತಿ ಎಳೆದಿದ್ದಾರೆ. ಮುಖ ಮಂಕಾಗಿದೆ. ಮಂಕಾಯಿತಲ್ಲ ಅಂತ ಶಾರ್ಪ್‌ನಿಂಗ್ ಎಳೆದಿದ್ದಾರೆ. ಶಾರ್ಪ್‌ನಿಂಗ್ ಹೊಸದಾಗಿ ಏನನ್ನೂ ತರುವುದಿಲ್ಲ ಸ್ವಾಮಿ. ಅಂಚಿನ ಒಂದು ಬದಿಯನ್ನು ಇನ್ನಷ್ಟು ಕಪ್ಪು ಮಾಡುತ್ತೆ, ಇನ್ನೊಂದು ಬದಿಯನ್ನು ಇನ್ನಷ್ಟು ಬೆಳ್ಳಗೆ. ಅಷ್ಟೇ ಅದರ ಕೆಲಸ. ಒರೆಸಿಹೋದ ಹಚ್ಚೆಗೆ ಅಂಚೇ ಇಲ್ಲ, ಅಂದ ಮೇಲೆ ಅದು ಹಿಡಿಯುವುದು ಏನನ್ನು? ಕನ್ನಡಕವನ್ನು ಹಿಡಿಯಿತು.

ಹಾಗಾದರೆ ನಾಯ್ಸ್ ಬರುವುದು ಯಾಕೆ? ಐಎಸ್‌ಒ ಏರಿಸಿದ್ದಕ್ಕೆ ಬಂತು ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅದು ಹೆಚ್ಚಾಗಿ ಬರುವುದು ಬೆಳಕು ಸಾಲದ್ದಕ್ಕೆ. ಮಳೆಯ ಮೊದಲ ಹನಿ ಬೀಳುವಾಗ ಅಂಗಳದ ಫರಸಿ ನೋಡಿದ್ದೀರಲ್ಲ? ಒಂದು ಕಲ್ಲಿನ ಮೇಲೆ ಐದು ಹನಿ, ಪಕ್ಕದ ಕಲ್ಲಿನ ಮೇಲೆ ಎರಡೇ. ಮಳೆ ಜೋರಾದರೆ ಎಲ್ಲ ಕಲ್ಲೂ ಒಂದೇ ಥರ ತೊಯ್ಯುತ್ತವೆ. ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಮೇಲೆ ಬೆಳಕು ಬೀಳುವುದೂ ಹಾಗೆಯೇ. ಬೆಳಕು ನಾಲ್ಕು ಪಟ್ಟು ಸಿಕ್ಕರೆ, ಚಿತ್ರದ ಲೆಕ್ಕದಲ್ಲಿ ಈ ಏರುಪೇರು ಅರ್ಧಕ್ಕೆ ಇಳಿಯುತ್ತೆ. ಅದಕ್ಕೇ ಸ್ಲೈಡರ್ ಮುಟ್ಟುವ ಮೊದಲು ಕಿಟಕಿ ತೆರೆಯಿರಿ, ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ತೆರೆಯಿರಿ, ಕೂತವರು ಅಲುಗಾಡದಿದ್ದರೆ ಬೆಳಕು ಹೆಚ್ಚು ಹೊತ್ತು ಬೀಳಲಿ ಅಂತ ಶಟರ್ ಸ್ವಲ್ಪ ನಿಧಾನ ಮಾಡಿ.

ಆಮೇಲೆ ನಾನೇ ಊರಿಗೆ ಹೋಗಿ ಆಯಿಯ ಫೋಟೋ ತೆಗೆದೆ. ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಒಂದೇ ಕಿಟಕಿ, ಸಂಜೆ ಬೆಳಕು, ಐಎಸ್‌ಒ 3200. ಆ ರಾ ಫೈಲ್ ಈಗ ನಿಮ್ಮ ಮುಂದೆ ತೆರೆಯುತ್ತೇನೆ. ಮೊದಲು 100 ಪರ್ಸೆಂಟ್‌ಗೆ ಜೂಮ್ ಮಾಡಿ. ಅದಕ್ಕಿಂತ ಚಿಕ್ಕದಾಗಿ ನೋಡುತ್ತ ಈ ಎರಡು ಸ್ಲೈಡರ್ ಮುಟ್ಟಲೇಬಾರದು. ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ನಲ್ಲಿ ರಾ ತೆರೆದ ಕೂಡಲೇ ಸಾಮಾನ್ಯವಾಗಿ ಶಾರ್ಪ್‌ನಿಂಗ್ 40, ಕಲರ್ ನಾಯ್ಸ್ 25 ಇರುತ್ತೆ. ಅಂದರೆ ನೀವು ಶುರು ಮಾಡುವ ಮೊದಲೇ ಅದು ಸ್ವಲ್ಪ ಕೆಲಸ ಮಾಡಿ ಇಟ್ಟಿದೆ.

ಕತ್ತಲಿರುವ ಕಡೆ ಕೆಂಪು, ಹಸಿರು ಚುಕ್ಕಿ ಕಾಣುತ್ತವಲ್ಲ, ಅದು ಕಲರ್ ನಾಯ್ಸ್. ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ ಒಂದೇ ಬಣ್ಣ ಅಳೆಯುತ್ತೆ. ಅರ್ಧ ಪಾಲು ಹಸಿರು, ಕಾಲು ಕೆಂಪು, ಕಾಲು ನೀಲಿ. ಉಳಿದ ಎರಡು ಬಣ್ಣವನ್ನು ಅಕ್ಕಪಕ್ಕ ನೋಡಿ ಲೆಕ್ಕ ಹಾಕಿ ತುಂಬುತ್ತಾರೆ. ಅದಕ್ಕೇ ಈ ಬಣ್ಣದ ಮಚ್ಚೆಗಳು ಹರಡಿಕೊಂಡು ಕಾಣುತ್ತವೆ. ನಮ್ಮ ಕಣ್ಣಿಗೆ ಬಣ್ಣದ ಸೂಕ್ಷ್ಮ ಅಷ್ಟು ತಿಳಿಯುವುದಿಲ್ಲ. ಹಾಗಾಗಿ ಇದನ್ನು ಧೈರ್ಯವಾಗಿ ತೆಗೆಯಬಹುದು. ಆದರೆ ಇಲ್ಲಿ ನೋಡಿ, 60ಕ್ಕೆ ಒಯ್ದರೆ ಹಚ್ಚೆಯ ಹಸಿರು ಚರ್ಮದ ಬಣ್ಣದಲ್ಲಿ ಬೆರೆತು ಬೂದು ಬಣ್ಣವಾಯಿತು. ವಾಪಸ್ 30ಕ್ಕೆ ತಂದೆ. ಹಸಿರು ಬಂತು.

ಇನ್ನು ಲೂಮಿನನ್ಸ್, ಅಂದರೆ ಬಣ್ಣವಿಲ್ಲದ, ಬೆಳಕು ಕತ್ತಲಿನ ನಾಯ್ಸ್ ಒರೆಸುವ ಸ್ಲೈಡರ್. ಕೈ ಬಿಗಿ ಹಿಡಿಯಬೇಕಾದದ್ದು ಇಲ್ಲಿ. ಆಯಿ ಜೋಳ ಕೇರುವುದನ್ನೇ ನೋಡಿ. ಮೊರ ಮೆಲ್ಲಗೆ ಆಡಿಸಿದರೆ ಹೊಟ್ಟು ಹೋಗುತ್ತೆ, ಕಾಳು ಉಳಿಯುತ್ತೆ. ಜೋರಾಗಿ ತೂರಿದರೆ ಹೊಟ್ಟಿನ ಜೊತೆ ಕಾಳೂ ಅಂಗಳದ ಪಾಲು. ಚರ್ಮದ ರಂಧ್ರ, ಹಚ್ಚೆಯ ಚುಕ್ಕಿ, ನೂಲಿನ ಎಳೆ, ಇವೆಲ್ಲ ಹೆಚ್ಚು ಕಡಿಮೆ ನಾಯ್ಸ್‌ನಷ್ಟೇ ಸಣ್ಣವು. ಯಾವುದು ಹೊಟ್ಟು, ಯಾವುದು ಕಾಳು ಅಂತ ಸ್ಲೈಡರ್‌ಗೆ ಏನು ಗೊತ್ತು? ನಾನು 15ಕ್ಕೆ ನಿಲ್ಲಿಸಿದೆ. ಗೋಡೆಯ ನೆರಳಿನಲ್ಲಿ ಇನ್ನೂ ನಾಯ್ಸ್ ಕಾಣುತ್ತಿದೆ. ಇರಲಿ ಬಿಡಿ. ಅದನ್ನು ಯಾರೂ ನೋಡುವುದಿಲ್ಲ, ಮುಖ ನೋಡುತ್ತಾರೆ.

ಶಾರ್ಪ್‌ನಿಂಗ್ 50, ಅಂಚಿನಿಂದ ಎಷ್ಟು ದೂರದವರೆಗೆ ಅನ್ನುವ ರೇಡಿಯಸ್ 0.8. ಆಮೇಲೆ ಮಾಸ್ಕಿಂಗ್. ಬಹಳ ಜನ ಇದನ್ನು ಸೊನ್ನೆಯಲ್ಲೇ ಬಿಟ್ಟಿರುತ್ತಾರೆ. ಆಲ್ಟ್ ಕೀ ಒತ್ತಿ ಹಿಡಿದು ಎಳೆಯಿರಿ. ಚಿತ್ರ ಕಪ್ಪು ಬಿಳುಪಾಗುತ್ತೆ. ಬಿಳಿ ಇದ್ದಲ್ಲಿ ಶಾರ್ಪ್ ಆಗುತ್ತೆ, ಕಪ್ಪು ಇದ್ದಲ್ಲಿ ಆಗುವುದಿಲ್ಲ. 60ಕ್ಕೆ ಬಂದಾಗ ಗೋಡೆ ಪೂರ್ತಿ ಕಪ್ಪಾಯಿತು. ಕಣ್ಣು, ಸುಕ್ಕು, ಹಚ್ಚೆ, ಮೊರದ ಹೆಣಿಗೆ ಬಿಳಿಯಾಗಿ ಉಳಿದವು. ಸಾಕು. ಮಾಸ್ಕಿಂಗ್ ಇಲ್ಲದಿದ್ದರೆ ಗೋಡೆಯ ನಾಯ್ಸ್ ಕೂಡ ಶಾರ್ಪ್ ಆಗಿ, ಅದನ್ನು ಒರೆಸಲು ಮತ್ತೆ ಲೂಮಿನನ್ಸ್ ಎಳೆಯುತ್ತೀರಿ. ಆ ಸುತ್ತು ಮುಗಿಯುವುದೇ ಇಲ್ಲ.

ಹಕ್ಕಿ ಫೋಟೋದವರಿಗೆ ಇದು ಇನ್ನೂ ಸುಲಭ. ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆಗೆ ಜಗತ್ತಿನ ಮಹತ್ವದ ಜೌಗು ನೆಲಗಳಿಗೆ ಕೊಡುವ ರಾಮ್ಸಾರ್ ಪಟ್ಟವೂ ಸಿಕ್ಕಿತು. ಬೆಳಗಿನ ಜಾವದ ಮಂದ ಆಕಾಶ, ಅದರಲ್ಲಿ ಹಾರುವ ಹಕ್ಕಿ. ಆಕಾಶದಲ್ಲಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ, ಬ್ರಷ್ ಹಿಡಿದು ಅಲ್ಲಿ ಮಾತ್ರ ಜಾಸ್ತಿ ಒರೆಸಿ. ಗರಿಯನ್ನು ಮುಟ್ಟಬೇಡಿ.

ನಾಯ್ಸ್ ತಾನೇ ತೆಗೆಯುವ ಎಐ ಡಿನಾಯ್ಸ್ ಒತ್ತಿದರೆ ಮುಗೀತಲ್ವಾ ಅಂತ ಕೇಳುತ್ತೀರಿ. 2023ರಲ್ಲಿ ಲೈಟ್‌ರೂಮ್‌ಗೂ ಅದು ಬಂತು. ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಲಕ್ಕುಂಡಿಗೆ ಕ್ಯಾಮೆರಾ ಒಯ್ದರೆ ಬಳಸುವುದಿಲ್ಲ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದ ಒಳಗೆ ಮಧ್ಯಾಹ್ನವೂ ಕತ್ತಲು. ಕಂಬದ ನುಣುಪು, ಅದರ ಮೇಲೆ ಬಿದ್ದ ಗೀರು, ಕಲ್ಲಿನ ಕಣ, ಎಲ್ಲವೂ ಬೇಕು. ಅದಕ್ಕಿಂತ ಮುಖ್ಯ ಶಾಸನ. ಎಐ ಮಾಡುವುದು ಕೊನೆಗೆ ಒಂದು ಅಂದಾಜು. ಇಂಥ ಕಡೆ ಹೀಗಿರಬೇಕು ಅಂತ ತುಂಬುತ್ತೆ. ಸವೆದ ಅಕ್ಷರಕ್ಕೆ ಅದು ಇಲ್ಲದ ಅಂಚು ಕೊಟ್ಟರೆ, ನಾಳೆ ಆ ಫೋಟೋ ನೋಡಿ ಓದುವವರಿಗೆ ನಾವು ಮೋಸ ಮಾಡಿದ ಹಾಗೆ. ಅಲ್ಲಿ ಟ್ರೈಪಾಡ್ ಇಡಲು ಒಪ್ಪಿಗೆ ಸಿಕ್ಕರೆ ಎರಡು ಸೆಕೆಂಡ್ ಶಟರ್ ಇಡಿ. ನಾಯ್ಸ್ ಮಾತೇ ಬರುವುದಿಲ್ಲ, ಕಂಬ ಎಲ್ಲಿಗೂ ಹೋಗುವುದಿಲ್ಲ. ಲೈಟ್‌ರೂಮ್ ಇಲ್ಲ ಅನ್ನುವವರಿಗೆ ಡಾರ್ಕ್‌ಟೇಬಲ್ ಇದೆ, ಪುಕ್ಕಟೆ. ಬಟನ್ ಹೆಸರು ಬೇರೆ, ಹದ ಇದೇ.

ಇನ್ನೊಂದು ಮಾತು. 100 ಪರ್ಸೆಂಟ್‌ನಲ್ಲಿ ಕಂಡ ನಾಯ್ಸ್‌ಗೆಲ್ಲ ಹೆದರಬೇಡಿ. 24 ಮೆಗಾಪಿಕ್ಸೆಲ್ ಫೋಟೋ ಅಂದರೆ 6000 ಅಡ್ಡ, 4000 ಉದ್ದ. ಅದನ್ನು ಫೋನಿಗಾಗಿ 1080 ಅಗಲಕ್ಕೆ ಇಳಿಸಿದರೆ ಹತ್ತಿರ ಹತ್ತಿರ 30 ಪಿಕ್ಸೆಲ್ ಸೇರಿ ಒಂದಾಗುತ್ತವೆ. ನಾಯ್ಸ್ ತಾನೇ ಕರಗುತ್ತೆ. ಆಲ್ಬಂ ಹಾಳೆಯ ಮೇಲೂ ಬಹಳಷ್ಟು ಕಾಣುವುದಿಲ್ಲ. ಇಳಿಸಿದ ಮೇಲೆ ಕೊನೆಗೆ ಚೂರೇ ಚೂರು ಶಾರ್ಪ್ ಮಾಡಿ ಕಳಿಸಿ.

ಆಯಿಯ ಹೊಸ ಫೋಟೋ ಹುಬ್ಬಳ್ಳಿಯಲ್ಲಿ 12×18 ಪ್ರಿಂಟ್ ಹಾಕಿಸಿ ಒಯ್ದು ಕೊಟ್ಟೆ. ಗದ್ದದ ಮೂರು ಚುಕ್ಕಿ ಮುಟ್ಟಿ ನೋಡಿ, ಇದನ್ನು ಲಕ್ಷ್ಮೇಶ್ವರದ ಸಂತೆಯಲ್ಲಿ ಹಾಕಿಸಿಕೊಂಡದ್ದು, ಅವತ್ತು ಎಷ್ಟು ಅತ್ತೆ ಅಂತ ಹೇಳುತ್ತ ಕೂತಳು. ನನಗೆ ಅದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಸ್ಟುಡಿಯೋ ನಡೆಸುವ ಗೆಳೆಯರು ಈ ವಿಡಿಯೋ ನೋಡುತ್ತಿದ್ದರೆ ಒಂದು ಕೇಳಿಕೆ. ಆಲ್ಬಂ ಪ್ರಿಂಟಿಗೆ ಕಳಿಸುವ ಮೊದಲು ಆ ಮನೆಯ ಹಿರಿಯರ ಒಂದು ಫೋಟೋವನ್ನು 4×6 ಪ್ರಿಂಟ್ ತೆಗೆದು ಅವರ ಕೈಗೇ ಕೊಡಿ. ಅವರು ಹೂಂ ಅನ್ನುವವರೆಗೆ ರಾ ಫೈಲ್ ಅಳಿಸಬೇಡಿ.